ಮುಂಗಡ ಸತ್ಕಾರ

ನಮ್ಮ ಪಕ್ಕದ ಮನೆಯವರ ಕಣಿಕಿ ಬಣವಿಯ ಮೇಲೆ ಒಬ್ಬ ಒಲಿಂಪಿಕ್ ಚಾಂಪಿಯನ್ ಮಲಗಿದ್ದಾಳೆ. ಗಾಬರಿಯಾಗಬೇಡಿ, ಫ್ಲೆಕ್ಸಿನಲ್ಲಿ. ಎಮ್ಮೆಗೆಂದು ಒಟ್ಟಿದ ಜೋಳದ ದಂಟು ಮಳೆಗೆ ನೆನೆಯಬಾರದೆಂದು ಹೊದಿಸಿದ ಹಳೆಯ ಫ್ಲೆಕ್ಸು ಅದು. ನಿನ್ನೆ ಸಂಜೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಗಾಳಿ ಬೀಸಿ ಅದರ ಮೂಲೆ ಮಗುಚಿತು. ಮೊದಲು ಒಂದು ಕಿವಿ ಕಂಡಿತು, ಆಮೇಲೆ ಅರ್ಧ ಮೂಗು, ಆಮೇಲೆ ಕೆಂಪು ಅಕ್ಷರಗಳು: ‘ನಮ್ಮ ನಾಡಿನ ಹೆಮ್ಮೆಯ ಒಲಿಂಪಿಕ್ ಚಾಂಪಿಯನ್ ಕುಮಾರಿ ಲಕ್ಷ್ಮೀ ಇವರಿಗೆ ಹೃತ್ಪೂರ್ವಕ ಸತ್ಕಾರ.’ ಕೆಳಗೆ ಸತ್ಕಾರ ಸಮಿತಿಯವರ ಭಾವಚಿತ್ರಗಳು. ಒಬ್ಬೊಬ್ಬರ ಮುಖವೂ ಚಾಂಪಿಯನ್ನಿನ ಮುಖಕ್ಕಿಂತ ಸ್ವಲ್ಪ ದೊಡ್ಡದೇ ಇದೆ. ಸತ್ಕಾರ ಮಾಡುವುದು ಗೆಲ್ಲುವುದಕ್ಕಿಂತ ಕಷ್ಟದ ಕೆಲಸ ತಾನೆ.

ಲಕ್ಷ್ಮೀ ಚಿನ್ನ ಗೆದ್ದದ್ದು ಮೊನ್ನೆ ಮೊನ್ನೆ, ಅಷ್ಟರಲ್ಲಿ ಫ್ಲೆಕ್ಸು ಬಣವಿಗೆ ಬಂತೇ ಎಂದು ನೀವು ಕೇಳಬಹುದು. ಇಲ್ಲ, ಅದು ಅವಳು ಒಲಿಂಪಿಕ್ಸಿನ ನೀರು ಕಣ್ಣಿನಿಂದ ನೋಡುವುದಕ್ಕೂ ಎಷ್ಟೋ ವರ್ಷ ಮೊದಲು ಛಾಪಿಸಿದ್ದು. ಬೇರೆ ಕಡೆ ಮೊದಲು ಗೆಲ್ಲುತ್ತಾರಂತೆ, ಆಮೇಲೆ ಶಾಲು ಹೊದಿಸುತ್ತಾರಂತೆ. ನಮ್ಮ ಕಡೆ ಅಷ್ಟು ತಡಮಾಡುವ ಪದ್ಧತಿ ಇಲ್ಲ.

ನಾನು ಬೀಳಗಿಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಕಲಿಸುತ್ತೇನೆ ಎಂಬುದು ನನ್ನ ಹೇಳಿಕೆ, ವಿದ್ಯಾರ್ಥಿಗಳನ್ನು ಕೇಳಿದರೆ ಬೇರೆ ಹೇಳಬಹುದು. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಕಡೆಯ ಯಾವುದೋ ಕ್ರೀಡಾ ಸಂಸ್ಥೆಯವರು ತಮಗೆ ಬೇಡವಾದ ಒಂದು ರೇಸಿನ ದೋಣಿಯನ್ನು ನಮ್ಮ ಕಾಲೇಜಿಗೆ ಕಳಿಸಿಕೊಟ್ಟರು. ನಾವು ಕೃಷ್ಣೆಯ ಹಿನ್ನೀರಿಗೆ ಹತ್ತಿರ ಇದ್ದೇವೆ ಎಂಬುದೊಂದೇ ನಮ್ಮ ಅರ್ಹತೆ. ದೋಣಿಯ ಅಗಲ ಒಬ್ಬ ಮನುಷ್ಯನ ಸೊಂಟದಷ್ಟು, ಉದ್ದ ಮಾತ್ರ ಸ್ಟಾಫ್ ರೂಮಿನ ಈ ಗೋಡೆಯಿಂದ ಆ ಗೋಡೆಯವರೆಗೆ. ಪ್ರಿನ್ಸಿಪಾಲರು ಅದರ ಸುತ್ತ ಎರಡು ಸಲ ತಿರುಗಿ, ಇದರಲ್ಲಿ ಕೂಡುವುದು ಎಲ್ಲಿ ಎಂದು ಕೇಳಿದರು. ಉತ್ತರ ಯಾರಿಗೂ ತಿಳಿದಿರಲಿಲ್ಲ. ಇದನ್ನು ಯಾರ ಕೊರಳಿಗೆ ಕಟ್ಟಬೇಕು ಎಂಬ ಪ್ರಶ್ನೆ ಬಂದಾಗ ಮಾತ್ರ ಉತ್ತರ ತಟ್ಟನೆ ಸಿಕ್ಕಿತು. ಆಗಷ್ಟೇ ರೇಡಿಯೋದಲ್ಲಿ ನಾನು ‘ಕಾವ್ಯದಲ್ಲಿ ನದಿ’ ಎಂಬ ಭಾಷಣ ಮಾಡಿ ಬಂದಿದ್ದೆ. ನದಿಯ ವಿಷಯ ನಿಮಗೇ ಗೊತ್ತು ಅಂದರು. ನನಗೆ ಈಜು ಬರುವುದಿಲ್ಲ ಅಂದೆ. ಅದಕ್ಕೇನು, ದೋಣಿಗೆ ಬರುತ್ತದಲ್ಲ ಅಂದರು.

ಹೀಗೆ ನಾನು ಜಲಕ್ರೀಡಾ ವಿಭಾಗದ ಮುಖ್ಯಸ್ಥನಾದೆ. ವಿಭಾಗ ಒಂದು ವರ್ಷ ವರಾಂಡದಲ್ಲಿ ಬೋರಲು ಬಿದ್ದಿತ್ತು. ಹಾಸ್ಟೆಲಿನ ಅಡುಗೆಯಾಕೆ ಅದರ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದಳು. ನಮ್ಮ ವಿಭಾಗದ ಮೊದಲ ಸಾಧನೆ ಅದೇ.

ಅದನ್ನು ನೀರಿಗೆ ಇಳಿಸಿದ್ದು ಲಕ್ಷ್ಮೀ. ಹಾಜರಿಯಲ್ಲಿ ಲಕ್ಷ್ಮೀ, ಮನೆಯಲ್ಲಿ ಲಕ್ಕವ್ವ. ಅನಗವಾಡಿಯವಳು, ಬಿ.ಎ. ಎರಡನೆಯ ವರ್ಷ, ಕೊನೆಯ ಬೆಂಚು. ಅವಳ ತಂದೆ ಬೀರಪ್ಪನದು ಕುರಿಯ ಬದುಕು. ಹಿನ್ನೀರು ಏರಿದಾಗ ನಡುಗಡ್ಡೆಯ ಹುಲ್ಲಿಗೆ ಬಿಟ್ಟ ಮರಿಗಳನ್ನು ಹರಿಗೋಲಿನಲ್ಲಿ ಹಾಕಿಕೊಂಡು ಈಚೆಗೆ ತರುವುದು ಸಣ್ಣಂದಿನಿಂದ ಅವಳ ಕೆಲಸ. ಒದರುವ ಮರಿಗಳನ್ನು ತುಂಬಿಕೊಂಡು ಹೊಳೆ ದಾಟಿದವಳಿಗೆ, ಒದರದ ಖಾಲಿ ದೋಣಿ ಯಾವ ಲೆಕ್ಕ. ಆದರೂ ಮೊದಲ ದಿನ ಕೂತ ಕೂಡಲೇ ಮಗುಚಿ ಬಿದ್ದಳು, ಎರಡನೆಯ ದಿನವೂ ಬಿದ್ದಳು. ಬಿದ್ದಾಗಲೆಲ್ಲ ನಗುತ್ತ ಏಳುತ್ತಿದ್ದಳು. ನಾನು ಲೈಫ್ ಜಾಕೆಟ್ ಹಾಕಿಕೊಂಡು ದಂಡೆಯ ಒಣ ನೆಲದ ಮೇಲೆ ಕೂತಿರುತ್ತಿದ್ದೆ. ದನ ಮೇಯಿಸುವವರು ನನ್ನನ್ನು ನೋಡಿ, ಮಾಸ್ತರರಿಗೆ ಚಳಿ ಹತ್ತಿರಬೇಕು ಅಂದುಕೊಂಡು ಹೋಗುತ್ತಿದ್ದರು.

ಕೆಲವು ತಿಂಗಳಲ್ಲಿ ಅವಳು ಹಿನ್ನೀರಿನ ಮೇಲೆ ಗೆರೆ ಎಳೆದಂತೆ ಹೋಗತೊಡಗಿದಳು. ಹಳ್ಳಿಯವರಿಗೆ ಒಂದು ಅನುಮಾನ ಮಾತ್ರ ಬಿಡಲಿಲ್ಲ. ಇವಳು ಮೀನು ಹಿಡಿಯುವುದಿಲ್ಲ, ಮಂದಿಯನ್ನು ದಾಟಿಸುವುದಿಲ್ಲ, ಮತ್ತೆ ಇಷ್ಟು ಅವಸರ ಯಾಕೆ ಎಂದು ನನ್ನನ್ನು ಕೇಳುತ್ತಿದ್ದರು. ವಿಭಾಗದ ಮುಖ್ಯಸ್ಥನಾಗಿ ನಾನು ಲೈಫ್ ಜಾಕೆಟ್ಟಿನ ದಾರ ಬಿಗಿಮಾಡಿಕೊಳ್ಳುತ್ತಿದ್ದೆ. ಅವಳು ವಿಶ್ವವಿದ್ಯಾಲಯಗಳ ನಡುವಿನ ಸ್ಪರ್ಧೆಗೆ ಹೋಗಿ ಬಂಗಾರದ ಪದಕ ತಂದಳು. ಬೆನ್ನಿಗೇ ದೇಶದ ಕಿರಿಯರ ತಂಡದ ಆಯ್ಕೆಗೆ ಬೆಂಗಳೂರಿಗೆ ಬರಬೇಕೆಂದು ಕರೆ ಬಂತು. ಇಡೀ ದೇಶದಿಂದ ಬರುವ ಹುಡುಗಿಯರು, ಒಂದೇ ಬೆಳಗಿನ ದೋಣಿ ಓಟ. ಆ ಬೆಳಗ್ಗೆ ಅಲ್ಲಿ ಇರಲಿಲ್ಲವೆಂದರೆ ಮುಗಿಯಿತು. ವಯಸ್ಸಿನ ಮಿತಿಯ ಕಾರಣ ಅವಳಿಗೆ ಮುಂದಿನ ವರ್ಷ ಎಂಬುದು ಇರಲಿಲ್ಲ.

ಪದಕದ ಸುದ್ದಿ ಜಮಖಂಡಿಗೆ ಮುಟ್ಟಿದ ದಿನವೇ ಗುರಪ್ಪ ಸಾವಕಾರರು ಸತ್ಕಾರ ಸಮಿತಿ ಮಾಡಿದರು. ಸಾವಕಾರರದು ಬೆಲ್ಲದ ವ್ಯಾಪಾರ. ಆದರೆ ಅವರ ಜೀವ ಇರುವುದು ಸತ್ಕಾರದಲ್ಲಿ. ವರ್ಗವಾಗಿ ಬಂದ ಅಧಿಕಾರಿಗೆ ಸತ್ಕಾರ, ವರ್ಗವಾಗಿ ಹೋದ ಅಧಿಕಾರಿಗೆ ಸತ್ಕಾರ. ಒಮ್ಮೆ ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ತಮ್ಮ ಬೀಗರಿಗೂ ಮಾಡಿದ್ದರು, ಶಸ್ತ್ರಕ್ರಿಯೆ ಯಶಸ್ವಿಯಾದ ಪ್ರಯುಕ್ತ. ಮನುಷ್ಯ ಕೆಟ್ಟವರಲ್ಲ. ಇನ್ನೊಬ್ಬರ ಹೆಗಲು ಖಾಲಿ ಇರುವುದನ್ನು ಅವರಿಂದ ನೋಡಲಾಗುವುದಿಲ್ಲ, ಅಷ್ಟೇ.

ಫ್ಲೆಕ್ಸು ಮಾಡಿಸಲು ಜಮಖಂಡಿಯ ಅಂಗಡಿಗೆ ನನ್ನನ್ನೂ ಕರೆದೊಯ್ದಿದ್ದರು, ಒತ್ತಕ್ಷರ ನೋಡಲು. ‘ಅಂತರ್ ವಿಶ್ವವಿದ್ಯಾಲಯ ನೌಕಾ ಸ್ಪರ್ಧೆಯ ವಿಜೇತೆ’ ಎಂದು ನಾನು ಬರೆದುಕೊಟ್ಟದ್ದನ್ನು ಸಾವಕಾರರು ಓದಿ ಮುಖ ಸಿಂಡರಿಸಿದರು. ಇದನ್ನು ಓದುವಷ್ಟರಲ್ಲಿ ಮೋಟರ್ ಸೈಕಲ್‌ನವರು ಮುಂದೆ ಹೋಗಿರುತ್ತಾರೆ, ಒಲಿಂಪಿಕ್ ಚಾಂಪಿಯನ್ ಅಂತ ಹಾಕಿರಿ ಅಂದರು. ಅವಳು ಇನ್ನೂ ಆಗಿಲ್ಲವಲ್ಲ ಎಂದೆ.

‘ಇವತ್ತಿಲ್ಲ ನಾಳಿ ಆಗಾಕೀನ ಅಲ್ರೀ ಸರ. ಆಗ ಮತ್ತೊಂದು ಫ್ಲೆಕ್ಸ್ ಯಾಕ? ಮಾಡೂದನ್ನ ಒಮ್ಮೇ ಮಾಡಿ ಬಿಡೂದು ಛಲೋ.’

ಇಷ್ಟು ದೂರದೃಷ್ಟಿಯ ಮುಂದೆ ನನ್ನ ಒತ್ತಕ್ಷರಗಳ ಆಟ ಏನು ನಡೆದೀತು. ಒಪ್ಪಿದೆ.

ಅನಗವಾಡಿಯಲ್ಲಿ ಹೊಳೆಯ ದಂಡೆಗೇ ವೇದಿಕೆ ಎಂದು ತೀರ್ಮಾನವಾಯಿತು. ಸೀರೆ ಬನಹಟ್ಟಿಯಿಂದ, ಹಾರಗಳು ಮುಧೋಳದಿಂದ, ಉದ್ಘಾಟನೆಗೆ ಮಂತ್ರಿಗಳು. ಮಂತ್ರಿಗಳ ತಾರೀಖು ಎರಡು ಸಲ ಮುಂದೆ ಹೋಯಿತು. ಮೂರನೆಯ ಸಲ ಸರಿಯಾಗಿ ಲಕ್ಷ್ಮೀ ರೈಲು ಹತ್ತಬೇಕಾದ ದಿನಕ್ಕೆ ಬಂದು ಕೂತಿತು. ಮರುದಿನ ಬೆಳಗ್ಗೆ ಬೆಂಗಳೂರಿನಲ್ಲಿ ಆಯ್ಕೆ, ಅದಕ್ಕೆ ಸಂಜೆ ಬಾಗಲಕೋಟೆಯಲ್ಲಿ ರೈಲು. ನಾನು ಅವಳನ್ನು ಕರೆದುಕೊಂಡು ಹೋಗಿ ಸಾವಕಾರರಿಗೆ ಇದನ್ನು ಬಿಡಿಸಿ ಹೇಳಿದೆ. ಅವರು ಶಾಂತವಾಗಿ ಕೇಳಿಕೊಂಡರು.

‘ರೈಲು ದಿನಾ ಬರ್ತೈತಿ. ಮಂತ್ರಿ ದಿನಾ ಬರ್ತಾರೇನು?’

ಆಮೇಲೆ ಧೈರ್ಯ ತುಂಬಿದರು. ಕಾರ್ಯಕ್ರಮ ಬೆಳಗ್ಗೆ ಹತ್ತಕ್ಕೆ, ಹನ್ನೆರಡಕ್ಕೆ ಊಟ, ಸಂಜೆಯ ರೈಲಿಗೆ ಬೇಕಾದಷ್ಟು ಹೊತ್ತು. ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವನಾಗಿ, ಹತ್ತಕ್ಕೆ ಎಂಬ ಮಾತನ್ನು ನಂಬಿದ ನನ್ನ ಬುದ್ಧಿಗೆ ಏನೆನ್ನಬೇಕು.

ಆ ದಿನ ಹತ್ತಕ್ಕೆ ಬಂದವರು ಇಬ್ಬರು, ಮೈಕಿನವನು ಮತ್ತು ನಾನು. ನಾನೇ ನಿರೂಪಕ. ಕನ್ನಡ ಮಾಸ್ತರನೆಂದರೆ ಸಭೆಯ ಸುಣ್ಣದ ಡಬ್ಬಿ ಇದ್ದ ಹಾಗೆ, ಎಲ್ಲರೂ ಕೈ ಹಾಕುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಜನ ಸೇರಿದರು, ಡೊಳ್ಳಿನವರು ಬಂದರು. ಕಾಲೇಜಿನ ದೋಣಿಯನ್ನು ಟ್ರ್ಯಾಕ್ಟರಿನ ಮೇಲೆ ತಂದು ನೀರಿನ ಅಂಚಿಗೆ ಪ್ರದರ್ಶನಕ್ಕೆ ಇಟ್ಟರು, ಅದಕ್ಕೆ ಚೆಂಡು ಹೂವಿನ ಹಾರ. ಬೀರಪ್ಪ ಬೀರೇಶ್ವರನ ಭಂಡಾರದ ಅರಿಶಿನ ತಂದು ದೋಣಿಯ ಮೂತಿಗೆ ಹಚ್ಚಿದ. ಲಕ್ಷ್ಮೀಗೆ ಬನಹಟ್ಟಿಯ ಸೀರೆ ಉಡಿಸಿ, ತಲೆಗೆ ಕೇಸರಿ ಪಟಕಾ ಸುತ್ತಿ, ವೇದಿಕೆಯ ನಡುವಿನ ಖುರ್ಚಿಯಲ್ಲಿ ಕೂಡಿಸಿದರು. ಪಕ್ಕದಲ್ಲಿ ಬೀರಪ್ಪನ ಖುರ್ಚಿ. ಮಂತ್ರಿಗಳ ಖುರ್ಚಿಯ ಮೇಲೆ ಒಂದು ಹೊಸ ಟವೆಲ್ಲು ಹಾಸಿತ್ತು. ಸಂಜೆಯವರೆಗೆ ಆ ಟವೆಲ್ಲೇ ಅಧ್ಯಕ್ಷತೆ ವಹಿಸಿತ್ತು.

ಮಂತ್ರಿಗಳು ಮುಧೋಳದಲ್ಲಿದ್ದಾರೆ ಎಂದು ಫೋನ್ ಬಂತು. ಊಟದ ಹೊತ್ತು ದಾಟಿದ ಮೇಲೆಯೂ ಮುಧೋಳದಲ್ಲೇ ಇದ್ದರು. ಆಮೇಲೆ ಲೋಕಾಪುರ ದಾಟಿದ್ದಾರೆ ಅಂದರು. ಸ್ವಲ್ಪ ಹೊತ್ತಿನ ಮೇಲೆ, ದಾಟಿಲ್ಲ, ಅಲ್ಲಿ ಇನ್ನೊಂದು ಸತ್ಕಾರ ಇದೆ ಅಂದರು. ಅವರ ಸ್ವಾಗತಕ್ಕೆ ನಿಂತ ಕಾರು, ಟ್ರ್ಯಾಕ್ಟರುಗಳೆಲ್ಲ ಸೇರಿ ಬಾಗಲಕೋಟೆಗೆ ಹೋಗುವ ಸೇತುವೆ ಈ ತುದಿಯಿಂದ ಆ ತುದಿಗೆ ಕಟ್ಟಿಹೋಯಿತು. ಬಸ್ಸಿನವರು ಇಂಜಿನ್ ಆರಿಸಿ ಕೆಳಗಿಳಿದು ಎಲೆ ಅಡಿಕೆ ಹಾಕುತ್ತಿದ್ದರು. ನಾನು ಮೈಕಿನ ಮುಂದೆ ನಿಂತು, ಇನ್ನು ಕೆಲವೇ ಕ್ಷಣಗಳಲ್ಲಿ, ಇನ್ನು ಕೆಲವೇ ಕ್ಷಣಗಳಲ್ಲಿ ಎನ್ನುತ್ತಿದ್ದೆ. ಸುಳ್ಳನ್ನು ಇಷ್ಟು ಸ್ಪಷ್ಟ ಉಚ್ಚಾರದಲ್ಲಿ ಹೇಳಬಲ್ಲವರು ಜಿಲ್ಲೆಯಲ್ಲಿ ಕಡಿಮೆ.

ಬಿಸಿಲು ವಾಲತೊಡಗಿತು. ರೈಲಿಗೆ ಹೊತ್ತಾಗುತ್ತಿತ್ತು. ನಾನು ಮೈಕಿಗೆ ಕೈ ಅಡ್ಡ ಹಿಡಿದು ಲಕ್ಷ್ಮೀಯ ಕಡೆ ಬಾಗಿ, ಎದ್ದು ಹೋಗಿಬಿಡು, ಏನಾಗುತ್ತೋ ನಾನು ನೋಡಿಕೊಳ್ಳುತ್ತೇನೆ ಅಂದೆ. ನಾನು ಏನನ್ನೂ ನೋಡಿಕೊಂಡವನಲ್ಲ ಎಂಬುದು ಅವಳಿಗೂ ಗೊತ್ತು. ಅವಳು ಕಣ್ಣಿನಲ್ಲೇ ತಂದೆಯ ಕಡೆ ತೋರಿಸಿದಳು.

‘ನಾ ಎದ್ರ ಅಪ್ಪನ ಖುರ್ಚೀನೂ ಹೋಕ್ಕೈತ್ರಿ ಸರ.’

ಆಗ ನಾನು ಬೀರಪ್ಪನನ್ನು ಸರಿಯಾಗಿ ನೋಡಿದೆ. ವೇದಿಕೆಯ ಮೇಲೆ ಕೂತ ದೊಡ್ಡ ಹಿಡುವಳಿದಾರರ ಹೊಲಗಳಲ್ಲೇ ಅವನು ವರ್ಷ ವರ್ಷ ಕುರಿ ನಿಲ್ಲಿಸಿ ಗೊಬ್ಬರ ಕೊಟ್ಟವನು. ಅವರ ಮನೆಗಳಲ್ಲಿ ಅವನ ಜಾಗ ಅಂಗಳದ ನೆಲ. ಇವತ್ತು ಅವರ ಸಾಲಿನಲ್ಲೇ ಖುರ್ಚಿ, ಅವರಿಗೆ ಕೊಟ್ಟಂಥದೇ ಚಹಾ. ಒಬ್ಬರು ಅವನಿಗೆ ರೀ ಹಚ್ಚಿ ಮಾತಾಡಿಸಿದ್ದರು. ಅವನು ಬೆಳಗಿನಿಂದ ಖುರ್ಚಿಯ ಕೈಗಳನ್ನು ಹಿಡಿದುಕೊಂಡೇ ಕೂತಿದ್ದ, ಬಿಟ್ಟರೆ ಯಾರಾದರೂ ಒಯ್ದಾರು ಎನ್ನುವ ಹಾಗೆ. ಮಗಳಿಗೆ ಒಂದು ಕಡೆ ತನ್ನ ಇಡೀ ಬದುಕಿನ ಓಟ, ಇನ್ನೊಂದು ಕಡೆ ಆ ಖುರ್ಚಿ. ಅವಳು ಖುರ್ಚಿ ಆರಿಸಿಕೊಂಡು ಸುಮ್ಮನೆ ಕೂತಿದ್ದಳು. ನನಗೆ ಆ ಹೊತ್ತಿನಲ್ಲಿ ಆ ಸಮಿತಿಯ ಮೇಲೆ, ಆ ಟವೆಲ್ಲಿನ ಮೇಲೆ, ನನ್ನ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಬೀರಪ್ಪನಿಗೆ ನಮ್ಮ ಪಿಸುಮಾತು ಕೇಳಿತೋ, ಮಗಳು ಹೊತ್ತು ನೋಡುವುದು ಕಂಡಿತೋ ತಿಳಿಯದು. ಅವಳ ಕಡೆ ವಾಲಿ ರೈಲು ಎಷ್ಟೊತ್ತಿಗೆ ಎಂದು ಕೇಳಿದ. ಅವಳು ಹೇಳಿದಳು. ಅವನು ಸೇತುವೆಯ ಕಡೆ ಒಮ್ಮೆ ನೋಡಿದ, ಹೊಳೆಯ ಕಡೆ ಒಮ್ಮೆ.

‘ಪೂಲಿನ ಮ್ಯಾಲ ದಾರಿಲ್ಲ. ಹೊಳಿ ಖುಲ್ಲಾ ಐತಿ.’

‘ಮತ್ತ ಸತ್ಕಾರಪ್ಪಾ?’

‘ಸತ್ಕಾರಕ್ಕ ನಾ ಕುಂತಿರ್ತೀನಿ. ನೀ ಹೋಗು.’

ಅವಳು ತಲೆಯ ಪಟಕಾ ತೆಗೆದು ತಂದೆಯ ಮಡಿಲಿಗಿಟ್ಟಳು. ಖುರ್ಚಿಯ ಕೆಳಗಿನ ಬ್ಯಾಗು ಎತ್ತಿಕೊಂಡು ವೇದಿಕೆ ಇಳಿದಳು. ಸೀರೆಯ ಕೆಳಗೆ ಟ್ರ್ಯಾಕ್ ಪ್ಯಾಂಟು ಇದ್ದದ್ದು ಆಗ ಕಂಡಿತು. ಆಸೆಯನ್ನು ಅವಳು ಪೂರ್ತಿ ಬಿಟ್ಟಿರಲಿಲ್ಲ. ಸೀರೆ ಎತ್ತಿ ಕಟ್ಟಿ ದೋಣಿಯನ್ನು ನೀರಿಗೆ ನೂಕಿದಳು. ಸಾವಕಾರರು ಗಾಬರಿಯಾಗಿ ಎದ್ದು, ಎಲ್ಲಿಗೆ ಹೊಂಟಾಳ ಇಕಿ, ತಡೀರಿ ಅವಳನ್ನ ಅಂದರು. ಇಬ್ಬರು ಕಾರ್ಯಕರ್ತರು ದಂಡೆಯ ಕಡೆ ಹೊರಟೇಬಿಟ್ಟರು.

ನನ್ನ ಕೈಯಲ್ಲಿ ಮೈಕು ಇತ್ತು. ಬೇರೆ ಏನೂ ಇರಲಿಲ್ಲ.

‘ಮಹನೀಯರೇ, ಈಗ ನಮ್ಮ ಚಾಂಪಿಯನ್ ಅವರಿಂದ ನೌಕಾಯಾನದ ಪ್ರಾತ್ಯಕ್ಷಿಕೆ. ಜೋರಾದ ಚಪ್ಪಾಳೆ ಬರಲಿ’ ಎಂದೆ.

ಚಪ್ಪಾಳೆ ಬಂತು. ಡೊಳ್ಳಿನವರಿಗೆ ಬೆಳಗಿನಿಂದ ಕೈ ಕಡಿಯುತ್ತಿತ್ತೋ ಏನೋ, ಒಮ್ಮೆಲೇ ಶುರುಮಾಡಿದರು. ಕಾರ್ಯಕರ್ತರು ಅಲ್ಲೇ ನಿಂತು ಮೊಬೈಲು ತೆಗೆದರು. ಆಮಂತ್ರಣ ಪತ್ರಿಕೆಯಲ್ಲಿ ಇಲ್ಲದಿದ್ದರೂ ಇದು ಚೆನ್ನಾಗಿದೆ ಎಂದು ಸಾವಕಾರರು ಮತ್ತೆ ಕೂತರು.

ಆ ದೋಣಿಯಲ್ಲಿ ಹೋಗುವ ಕಡೆಗೆ ಬೆನ್ನು ಮಾಡಿ ಕೂಡಬೇಕು. ಆದ್ದರಿಂದ ಅವಳ ಮುಖ ನಮ್ಮ ಕಡೆಗೇ ಇತ್ತು. ಹುಟ್ಟು ನೀರಿಗೆ ಬಿದ್ದಾಗಲೆಲ್ಲ ದೋಣಿ ಹಿಂದಕ್ಕೆ ಜಾರುತ್ತಿತ್ತು, ಅವಳು ನಮ್ಮನ್ನೇ ನೋಡುತ್ತ ನಮ್ಮಿಂದ ದೂರವಾಗುತ್ತಿದ್ದಳು. ನಡುನೀರಿಗೆ ಹೋದಾಗ ಸಾವಕಾರರು, ಸಾಕು ತಿರುಗಲು ಹೇಳಿರಿ ಅಂದರು. ನಾನು ಹೇಳಲಿಲ್ಲ. ಬದಲಿಗೆ ‘ಕಾವ್ಯದಲ್ಲಿ ನದಿ’ ಶುರುಮಾಡಿದೆ. ರೇಡಿಯೋದವರು ಕತ್ತರಿಸಿದ್ದ ಭಾಗವನ್ನೂ ಬಿಡಲಿಲ್ಲ. ನನ್ನ ಭಾಷಣ ಶುರುವಾದರೆ ಜನ ಸುತ್ತಲಿನ ಪರಿವೆ ಕಳೆದುಕೊಂಡು ಆಕಳಿಸುತ್ತಾರೆ ಎಂಬುದು ನನ್ನ ವಿದ್ಯಾರ್ಥಿಗಳು ಹಬ್ಬಿಸಿದ ಸುದ್ದಿ. ಅದು ನಿಜ ಎಂದು ಆ ದಿನ ಸಂತೋಷದಿಂದ ಒಪ್ಪಿಕೊಂಡೆ. ನನ್ನ ಜೀವಮಾನದ ಭಾಷಣಗಳಲ್ಲಿ ಯಾರಿಗಾದರೂ ಉಪಯೋಗವಾದದ್ದು ಅದೊಂದೇ.

ಆಚೆ ದಂಡೆಯಲ್ಲಿ ಅವಳು ದೋಣಿಯನ್ನು ಎಳೆದು ಬೋರಲು ಹಾಕಿ, ಬ್ಯಾಗು ಹೆಗಲಿಗೇರಿಸಿ ರಸ್ತೆಗೆ ಹತ್ತಿ, ಬಾಗಲಕೋಟೆಯ ಕಡೆ ಹೋಗುತ್ತಿದ್ದ ಒಂದು ಟಂಟಂ ಆಟೋಗೆ ಕೈ ಮಾಡಿದಳು. ಅದು ನಿಂತಿತು, ಹೋಯಿತು. ಡೊಳ್ಳು ಒಂದೊಂದಾಗಿ ನಿಂತವು. ಪ್ರಾತ್ಯಕ್ಷಿಕೆಯ ಈ ಭಾಗ ಯಾರಿಗೂ ಅರ್ಥವಾಗಲಿಲ್ಲ.

ಸರಿಯಾಗಿ ಆಗ ಮಂತ್ರಿಗಳು ಬಂದರು. ಎಲ್ಲಿ ಚಾಂಪಿಯನ್ ಎಂದು ಕೇಳಿದರು. ಸಾವಕಾರರು ಹೊಳೆಯ ಕಡೆ ನೋಡಿದರು. ಬೀರಪ್ಪ ಖುರ್ಚಿಯಿಂದ ಏಳಲಿಲ್ಲ; ಮಡಿಲಿನ ಪಟಕಾವನ್ನು ತನ್ನ ತಲೆಗೆ ಇಟ್ಟುಕೊಂಡು ಕೈ ಮುಗಿದ. ಮಂತ್ರಿಗಳಿಗೆ ಇನ್ನೂ ಎರಡು ಊರು ಇದ್ದವು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಅವನಿಗೇ ಆಯಿತು. ಈ ಭಾಗದ ಹೆಣ್ಣುಮಕ್ಕಳು ಇವರನ್ನು ನೋಡಿ ಕಲಿಯಬೇಕು ಎಂದು ಅವನನ್ನು ತೋರಿಸಿ ಭಾಷಣ ಮಾಡಿ ಹೋದರು. ಮರುದಿನದ ಒಂದು ಪತ್ರಿಕೆಯಲ್ಲಿ ‘ಒಲಿಂಪಿಕ್ ಚಾಂಪಿಯನ್‌ಗೆ ಅದ್ದೂರಿ ಸತ್ಕಾರ’ ಎಂಬ ತಲೆಬರಹದ ಕೆಳಗೆ ಬಿಳಿ ಮೀಸೆಯ ಬೀರಪ್ಪನ ಫೋಟೋ ಇತ್ತು. ಅದೇ ಬೆಳಗ್ಗೆ ಬೆಂಗಳೂರಿನ ಕೆರೆಯೊಂದರಲ್ಲಿ ಅವನ ಮಗಳು ಓಟದಲ್ಲಿ ಮೊದಲು ಬಂದು ದೇಶದ ತಂಡ ಸೇರಿದಳು. ಅದು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಸಮಿತಿಯವರು ಅವಳನ್ನು ಕ್ಷಮಿಸಲಿಲ್ಲ. ಊರಿನ ಮಾನ ಹೊಳೆಗೆ ಹಾಕಿದಳು ಎಂದರು. ಅವಳು ಊರಿಗೆ ಬಂದರೂ ಎರಡು ದಿನಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಅವಳು ಬಂದ ಸುದ್ದಿ ಹಬ್ಬಿದರೆ ಯಾರಾದರೂ ಬೈಯಲು ಬರುತ್ತಿದ್ದರು, ಬೈಯದವರು ಶಾಲು ಹಿಡಿದುಕೊಂಡು ಬರುತ್ತಿದ್ದರು. ಎರಡರಲ್ಲಿ ಯಾವುದು ಹೆಚ್ಚು ಕಷ್ಟ ಎಂದು ಒಮ್ಮೆ ಕೇಳಿದ್ದೆ. ಬೈಗುಳ ಬೇಗ ಮುಗಿಯುತ್ತದೆ ಅಂದಿದ್ದಳು. ಬೀರಪ್ಪ ಮಾತ್ರ ಮಗಳು ಬಂದು ಹೋದ ಮೇಲೆ ವಾರಗಟ್ಟಲೆ ಬಸ್ ಸ್ಟಾಪಿನ ಕಡೆಗೇ ಕುರಿ ಹೊಡೆದುಕೊಂಡು ಹೋಗುತ್ತಿದ್ದ.

ಈಗ ಅವಳು ಖರೇನೇ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದಿದ್ದಾಳೆ. ನಮ್ಮ ನಾಲ್ಕೂ ಕಡೆಯವರು ಅವಳು ತಮ್ಮವಳೇ ಎನ್ನುತ್ತಿದ್ದಾರೆ. ರೈತರು ತಾವೇ ಕಟ್ಟಿಕೊಂಡ ಚಿಕ್ಕಪಡಸಲಗಿಯ ಬ್ಯಾರೇಜಿನ ನೀರು ಹರಿದು ಅವಳ ಊರಿಗೆ ಬರುವುದರಿಂದ ಚಿನ್ನ ತಮ್ಮದು ಎಂದು ಜಮಖಂಡಿಯವರು. ಆ ವೇಗ ನಮ್ಮ ಬೇಟೆ ನಾಯಿಗಳದು ಎಂದು ಮುಧೋಳದವರು, ಇದನ್ನು ಹೊಗಳಿಕೆ ಎಂದೇ ಹೇಳುತ್ತಾರೆ. ಸೀರೆಯಲ್ಲೂ ದೋಣಿ ನಡೆಸಬಹುದು ಎಂದು ಲೋಕಕ್ಕೆ ತೋರಿಸಿದ್ದು ತಮ್ಮ ಮಗ್ಗ ಎಂದು ರಬಕವಿ-ಬನಹಟ್ಟಿಯವರು. ಬೀಳಗಿಯವರ ಪರವಾಗಿ ಟಿವಿಯ ಮುಂದೆ ಮಾತಾಡಿದವನು ನಾನೇ, ಜಲಕ್ರೀಡಾ ವಿಭಾಗದ ಸ್ಥಾಪಕನೆಂದು ಕೆಳಗೆ ಅಕ್ಷರ ಓಡುತ್ತಿತ್ತು. ತಿದ್ದಲು ಹೋಗಲಿಲ್ಲ.

ಸತ್ಕಾರದ ಮಾತು ಬಂದಾಗ ಸಮಿತಿ ಸಭೆ ಸೇರಿತು. ಹಳೆಯದನ್ನೆಲ್ಲ ಮರೆತು ದೊಡ್ಡದಾಗಿ ಮಾಡೋಣ ಎಂದು ಹುಡುಗರು ಅಂದರು. ಸಾವಕಾರರು ಬಹಳ ಹೊತ್ತು ಯೋಚಿಸಿ ಬಾಯಿ ಬಿಟ್ಟರು.

‘ಒಲಿಂಪಿಕ್ಸಿನ ಸತ್ಕಾರ ನಾವು ಆಗೇ ಮಾಡೇವಿ. ಈಗ ಮತ್ತ ಮಾಡಿದ್ರ ಆಗಿಂದು ಸುಳ್ಳಾಕ್ಕೈತಿ.’

ಸಭೆ ತಲೆದೂಗಿತು. ಸತ್ಕಾರ ಇಲ್ಲ ಎಂದು ಒಮ್ಮತದಿಂದ ತೀರ್ಮಾನವಾಯಿತು. ನಾನು ಹೊರಗೆ ಬಂದು ಅಲ್ಲೇ ನಿಂತು ಲಕ್ಷ್ಮೀಗೆ ಫೋನು ಮಾಡಿದೆ. ಸತ್ಕಾರ ಇಲ್ಲವಂತೆ ಎಂದು ಹೇಳಿದೆ. ನೊಂದುಕೊಳ್ಳುತ್ತಾಳೇನೋ ಎಂದು ನನಗೆ ಅಳುಕು. ಅವಳು, ಖರೇನರಿ ಸರ, ಯಾರೂ ಏನೂ ಮಾಡಾಂಗಿಲ್ಲರಿ ಎಂದು ಎರಡೆರಡು ಸಲ ಕೇಳಿ ಗಟ್ಟಿಮಾಡಿಕೊಂಡಳು. ಹಾಗಿದ್ದರೆ ಮನೆಗೆ ಬರುತ್ತೇನೆ ಎಂದಳು.

ಇವತ್ತು ಬಂದಳು. ಬಾಗಲಕೋಟೆಯಿಂದ ಕೆಂಪು ಬಸ್ಸಿನಲ್ಲಿ. ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆಯಾದ್ದರಿಂದ ಕಂಡಕ್ಟರು ಆಧಾರ್ ಕಾರ್ಡು ಕೇಳಿ, ಫೋಟೋ ಹಳೆಯದು, ಬದಲಿಸಿಕೊಳ್ಳವಾ ಎಂದು ಬುದ್ಧಿ ಹೇಳಿದನಂತೆ. ಅನಗವಾಡಿಯ ಸ್ಟಾಪಿನಲ್ಲಿ ಬೀರಪ್ಪನೂ ನಾನೂ ನಿಂತಿದ್ದೆವು. ಹಾರ ಇರಲಿಲ್ಲ, ಮೈಕು ಇರಲಿಲ್ಲ, ಯಾರೂ ತಿರುಗಿ ನೋಡಲೂ ಇಲ್ಲ. ಬೀರಪ್ಪನಿಗೆ ಈಗ ಮೊಣಕಾಲು ನೋವು. ಬೆಳಗಿನಿಂದ ನಿಂತೇ ಇದ್ದ, ಕೂಡು ಅಂದರೂ ಕೂತಿರಲಿಲ್ಲ. ಮಗಳು ಇಳಿದು ಎದುರಿಗೆ ಬಂದಾಗ ಅವನು ಪದಕದ ಮಾತು ಎತ್ತಲಿಲ್ಲ. ಎಷ್ಟು ದಿನ ಇರುತ್ತೀ ಎಂದು ಮಾತ್ರ ಕೇಳಿದ, ಉತ್ತರ ಮೊದಲೇ ಗೊತ್ತಿದ್ದವನ ದನಿಯಲ್ಲಿ.

‘ನೀ ಹೋಗು ಅನ್ನೂತನಕಾ’ ಅಂದಳು.

ಅವಳ ಬ್ಯಾಗು ಕಿತ್ತುಕೊಂಡು ಹೆಗಲಿಗೆ ಹಾಕಿ, ಮೊಣಕಾಲು ನೋವಿನ ಮನುಷ್ಯ ನಮ್ಮಿಬ್ಬರನ್ನೂ ಬಿಟ್ಟು ಮುಂದೆ ಮುಂದೆ ನಡೆದುಬಿಟ್ಟ. ನನಗೆ ಅಳು ಬಂತು. ಅವರ ಹಿಂದೆ ನಡೆದೆ.